ಪರದೇಶಕ್ಕೆ ಹೊರಡುವ ಮುನ್ನ: ಇಸಿಆರ್‌ನಿಂದ ಒಸಿಐವರೆಗೆ ತಿಳಿಯಬೇಕಾದ ಪದಗಳು

ಪಾಸ್‌ಪೋರ್ಟ್, ವೀಸಾ, ವಾಸದ ಪರವಾನಗಿ, ಪೌರತ್ವ ಇವು ನಾಲ್ಕೂ ಬೇರೆ ಬೇರೆ. ಪಾಸ್‌ಪೋರ್ಟ್ ಕೊಡುವುದು ಸ್ವಂತ ದೇಶ, ವೀಸಾ ಕೊಡುವುದು ಹೋಗಲಿರುವ ದೇಶ. ಅಲ್ಲಿ ಎಷ್ಟು ದಿನ ಇರಬಹುದು, ಏನು ಮಾಡಬಹುದು ಎಂಬುದನ್ನು ವಾಸದ ಪರವಾನಗಿ ತೀರ್ಮಾನಿಸುತ್ತದೆ. ಒಂದನ್ನು ಇನ್ನೊಂದೆಂದು ನಂಬಿದವರೇ ಹೆಚ್ಚಾಗಿ ಮೋಸ ಹೋಗುತ್ತಾರೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದಿಂದ ದುಡಿಮೆಗೋ ಓದಿಗೋ ಹೊರಡುವವರಿಗೆ ಈ ಪದಗಳು ಎದುರಾಗುವ ಕ್ರಮ ಹೀಗಿದೆ.

ಹಂತ 1: ಪಾಸ್‌ಪೋರ್ಟ್ ಮತ್ತು ಇಸಿಆರ್

ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಾಖಲೆ ತೋರಿಸಬಹುದು. ಪೊಲೀಸ್ ಪರಿಶೀಲನೆ ವಾಸಸ್ಥಳದ ಠಾಣೆಯಿಂದ ನಡೆಯುತ್ತದೆ. ಆಡೂರು ಸುತ್ತಿನ ಹಳ್ಳಿಗಳವರಿಗೆ ಅದು ಆಡೂರು ಠಾಣೆ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಜನ್ಮದಿನಾಂಕ ಒಂದೇ ಇರುವುದು ಮುಖ್ಯ.

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂಬ ಗುರುತು ಇರುತ್ತದೆ. ದುಡಿಯಲು ಹೋಗುವ ಮುನ್ನ ಸರ್ಕಾರದ ವಲಸೆ ಅನುಮತಿ ಬೇಕು ಎಂಬುದು ಅದರ ಅರ್ಥ. ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಈ ನಿಯಮ ಅನ್ವಯಿಸುತ್ತದೆ. ನರ್ಸ್‌ಗಳಿಗೆ ಇಸಿಆರ್ ಗುರುತಿಲ್ಲದಿದ್ದರೂ ಈ ದೇಶಗಳಿಗೆ ಅನುಮತಿ ಬೇಕು.

ಹಂತ 2: ವೀಸಾದ ವರ್ಗ

ವೀಸಾಗಳಲ್ಲಿ ಎರಡು ದೊಡ್ಡ ಬಗೆ. ಹೋಗಿ ಮರಳುವವರದು ತಾತ್ಕಾಲಿಕ, ನೆಲೆಸುವವರದು ವಲಸೆ ವೀಸಾ. ಪ್ರವಾಸ, ಓದು, ಉದ್ಯೋಗ ಮೂರೂ ತಾತ್ಕಾಲಿಕ ವರ್ಗದವು. ಅಮೆರಿಕದಲ್ಲಿ ಇವುಗಳ ಹೆಸರು ಕ್ರಮವಾಗಿ ಬಿ, ಎಫ್-1, ಎಚ್-1ಬಿ. ಅಲ್ಲಿ ವೀಸಾದ ಮೇಲಿನ ಕೊನೆಯ ದಿನಾಂಕ ಗಡಿಗೆ ಬಂದು ಪ್ರವೇಶ ಕೇಳಲು ಇರುವ ಗಡುವು. ಒಳಗೆ ಎಷ್ಟು ದಿನ ಇರಬಹುದು ಎಂಬುದು ‘ಐ-94’ ಎಂಬ ದಾಖಲೆಯಲ್ಲಿ ಇರುತ್ತದೆ. ‘ಗ್ರೀನ್ ಕಾರ್ಡ್’ ಕಾಯಂ ವಾಸದ ಹಕ್ಕು, ಪೌರತ್ವವಲ್ಲ.

ಕೊಲ್ಲಿ ದೇಶಗಳಿಗೆ ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸ ಸಿಗುತ್ತದೆ’ ಎನ್ನುವ ಮಾತು ಅಪಾಯದ್ದು. ಭೇಟಿಯ ವೀಸಾದಲ್ಲಿ ದುಡಿಯುವುದು ಅಪರಾಧ. ‘ಫ್ರೀ ವೀಸಾ’ ಅಥವಾ ‘ಆಜಾದ್ ವೀಸಾ’ ಎಂಬ ವರ್ಗವೇ ಕಾನೂನಿನಲ್ಲಿ ಇಲ್ಲ. ಒಬ್ಬ ಪ್ರಾಯೋಜಕನ ಹೆಸರಿನಲ್ಲಿ ವೀಸಾ ಕೊಂಡು ಬೇರೆ ಕಡೆ ದುಡಿಯುವ ಅಕ್ರಮಕ್ಕೆ ಏಜೆಂಟರು ಇಟ್ಟ ಹೆಸರು ಅದು.

ಹಂತ 3: ಏಜೆಂಟ್ ಮತ್ತು ಕರಾರು

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಜನರನ್ನು ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ತಾಳೆ ನೋಡಬಹುದು. ಆತ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಹಣಕ್ಕೆ ರಸೀದಿ ಕೇಳಲೇಬೇಕು. ಕರಾರುಪತ್ರದಲ್ಲಿ ಮೂಲ ಸಂಬಳ, ದುಡಿಮೆಯ ಗಂಟೆ, ವಸತಿ, ರಜೆ, ಮರಳುವ ಟಿಕೆಟ್ ಯಾರದು ಎಂಬುದು ಸ್ಪಷ್ಟವಾಗಿರಬೇಕು. ಕರಾರಿನ ಹುದ್ದೆಯೂ ವೀಸಾದ ಹುದ್ದೆಯೂ ಒಂದೇ ಇರಬೇಕು.

ಹಂತ 4: ವಲಸೆ ಅನುಮತಿ ಮತ್ತು ವಿಮೆ

ಇಸಿಆರ್ ಪಾಸ್‌ಪೋರ್ಟಿನವರಿಗೆ ಅನುಮತಿ ಕೊಡುವುದು ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’ ಎಂಬ ಅಧಿಕಾರಿ. ಅರ್ಜಿ ಇ-ಮೈಗ್ರೇಟ್ ಮೂಲಕವೇ ಹೋಗುತ್ತದೆ. ಇದರ ಜೊತೆ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಕಡ್ಡಾಯ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ ಪರಿಹಾರವಿದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375, ತೆರಿಗೆ ಬೇರೆ. ಇಸಿಆರ್ ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಮಹಿಳೆಗೆ 30 ವರ್ಷ ತುಂಬಿರಬೇಕು.

ಹಂತ 5: ತಲುಪಿದ ಮೇಲೆ

ಅರಬ್ ದೇಶಗಳಲ್ಲಿ ಪ್ರಾಯೋಜಕನಿಗೆ ‘ಕಫೀಲ್’ ಎನ್ನುತ್ತಾರೆ. ಸೌದಿಯ ವಾಸದ ಚೀಟಿ ‘ಇಕಾಮಾ’. ಅದರಲ್ಲಿ ಬರೆದ ಒಡೆಯನ ಬಳಿಯೇ ಕೆಲಸ ಮಾಡಬೇಕು. ಹೇಳದೆ ಬಿಟ್ಟುಹೋದರೆ ಒಡೆಯ ‘ಹುರೂಬ್’, ಅಂದರೆ ಓಡಿಹೋದವನೆಂಬ ದೂರು ಕೊಡಬಹುದು. ಆಮೇಲೆ ಕೆಲಸವೂ ಕಷ್ಟ, ಊರಿಗೆ ಮರಳುವುದೂ ಕಷ್ಟ. ಕೆಲಸಗಾರರ ಪಾಸ್‌ಪೋರ್ಟನ್ನು ಒಡೆಯ ಇಟ್ಟುಕೊಳ್ಳುವುದನ್ನು ಸೌದಿ, ಯುಎಇ ಕಾನೂನು ಒಪ್ಪುವುದಿಲ್ಲ. ಪಾಸ್‌ಪೋರ್ಟ್, ವೀಸಾ, ಕರಾರಿನ ಒಂದೊಂದು ಪ್ರತಿ ಊರಿನ ಮನೆಯಲ್ಲಿರಲಿ.

ಕಾರ್ಮಿಕರಾಗಲಿ ವಿದ್ಯಾರ್ಥಿಗಳಾಗಲಿ, ತಲುಪಿದ ಕೂಡಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು ಒಳಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಗಳೂ ಅಲ್ಲಿ ಸಿಲುಕಿದ್ದರು. ಯಾರು ಎಲ್ಲಿದ್ದಾರೆಂಬ ಪಟ್ಟಿ ಇದ್ದರಷ್ಟೇ ಇಂಥ ಹೊತ್ತಿನಲ್ಲಿ ಹುಡುಕುವುದು ಸುಲಭ. ಸಂಬಳ ಬಾಕಿ, ಕಿರುಕುಳದಂಥ ದೂರುಗಳಿಗೆ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣವಿದೆ. ಊರಿನಲ್ಲಿರುವ ಮನೆಯವರೂ ಅದರಲ್ಲಿ ದೂರು ಕೊಡಬಹುದು.

ಹಂತ 6: ಎನ್‌ಆರ್‌ಐ, ಒಸಿಐ ಮತ್ತು ಊರಿನ ಹೊಲ

ಎನ್‌ಆರ್‌ಐ ಭಾರತದ ಪ್ರಜೆಯೇ. ವಾಸ ಮಾತ್ರ ಹೊರಗೆ. ಊರಿನ ಉಳಿತಾಯ ಖಾತೆಯನ್ನು ಅವರು ‘ಎನ್‌ಆರ್‌ಒ’ ಖಾತೆಯಾಗಿ ಬದಲಿಸಬೇಕು. ಹೊರಗೆ ಗಳಿಸಿದ ಹಣಕ್ಕೆ ‘ಎನ್‌ಆರ್‌ಇ’ ಖಾತೆ. ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಮತದಾರರ ಪಟ್ಟಿಗೆ ನಮೂನೆ 6ಎ ಮೂಲಕ ಸೇರಬಹುದು, ಆದರೆ ಮತ ಹಾಕಲು ಊರಿಗೇ ಬರಬೇಕು.

ಬೇರೆ ದೇಶದ ಪೌರತ್ವ ಪಡೆದರೆ 1955ರ ಕಾಯ್ದೆಯ ಪ್ರಕಾರ ಭಾರತದ ಪೌರತ್ವ ಕೊನೆಯಾಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಅಂಥವರು ಪಡೆಯುವ ‘ಒಸಿಐ’ ಕಾರ್ಡ್ ಜೀವನಪರ್ಯಂತ ಬಂದುಹೋಗುವ ವೀಸಾ ಇದ್ದಂತೆ. ಅದರಿಂದ ಮತದಾನದ ಹಕ್ಕು ಬರುವುದಿಲ್ಲ.

ಎನ್‌ಆರ್‌ಐ ಆಗಲಿ ಒಸಿಐ ಆಗಲಿ, ಮನೆ, ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಾನಗಲ್ಲಿನ ಮಾವಿನ ತೋಟವೋ ಸವಣೂರಿನ ಎಲೆಬಳ್ಳಿಯ ತೋಟವೋ ಹಿರಿಯರಿಂದ ವಾರಸಾಗಿ ಬಂದರೆ ಅದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಮುಂದೆ ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತೀಯ ಪ್ರಜೆಗೆ ಮಾರಬೇಕು.