ಟನ್ನಿಗೆಷ್ಟು ಅಂತ ಕೇಳಿ

ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ನೀರಿನ ಲೆಕ್ಕ. ಎಷ್ಟು ಕಿಲೋಲೀಟರ್ ಎತ್ತಿದರು, ಹೊಳೆಯಿಂದಲೋ ಬೋರ್‌ವೆಲ್ಲಿನಿಂದಲೋ, ಎಷ್ಟನ್ನು ಹೊರಗೆ ಬಿಟ್ಟರು, ಶುದ್ಧ ಮಾಡಿ ಬಿಟ್ಟರೋ ಹಾಗೇ ಬಿಟ್ಟರೋ. ಅಧ್ಯಕ್ಷರ ಭಾಷಣ, ಗಿಡ ನೆಡುವ ಫೋಟೊ ಎಲ್ಲ ಆಮೇಲೆ. ಶಿವಮೊಗ್ಗದ ಕೋಟೆಯಲ್ಲಿ, ತುಂಗೆಯ ದಂಡೆಗೆ ಕೂಗಳತೆಯಲ್ಲಿ ಬೆಳೆದವಳಿಗೆ ಇನ್ನೇನು ಕಾಣುತ್ತದೆ ಅಂತ ಮನೆಯವರು ನಗುತ್ತಾರೆ. ಪರಿಸರಪ್ರೇಮ ಅಂದುಕೊಳ್ಳಬೇಡಿ. ಓದುವುದು ದುಡ್ಡಿಗಾಗಿಯೇ.

ಅಡಿಕೆ ಮಂಡಿಯ ದುಡ್ಡು ಕೈಗೆ ಬರುವ ಹೊತ್ತಿಗೆ ನೆಂಟರಿಷ್ಟರು ಯಾವುದಾದರೂ ಫಂಡಿನ ಬಣ್ಣದ ಕಾಗದ ಹಿಡಿದು ಬರುತ್ತಾರೆ. ಈಗೀಗ ಅದರಲ್ಲಿ ಹಸಿರು ಎಲೆಯ ಚಿತ್ರ, 'ಇಎಸ್‌ಜಿ' ಎಂಬ ಮೂರಕ್ಷರ (ಪರಿಸರ, ಸಮಾಜ, ಆಡಳಿತ) ಖಾಯಂ. ಅವರ ಪ್ರಶ್ನೆ ಒಂದೇ: ಪರಿಸರದ ಲೆಕ್ಕವನ್ನು ಚೆನ್ನಾಗಿ ಒಪ್ಪಿಸುವ ಕಂಪನಿ ಲಾಭವನ್ನೂ ಚೆನ್ನಾಗಿ ಮಾಡುತ್ತದೆಯೇ?

ವಿದ್ವಾಂಸರನ್ನು ಕೇಳಿದರೆ ಹೌದು ಅನ್ನುತ್ತಾರೆ. 2015ರಲ್ಲಿ ಫ್ರೀಡೆ, ಬುಶ್, ಬಾಸೆನ್ ಎಂಬ ಮೂವರು ಎರಡು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸುಮಾರು ಶೇ 90ರಷ್ಟರಲ್ಲಿ ಪರಿಸರ-ಸಾಮಾಜಿಕ ನಡವಳಿಕೆಗೂ ಹಣಕಾಸಿನ ಸಾಧನೆಗೂ ಇರುವ ಸಂಬಂಧ ಕೆಟ್ಟದ್ದಾಗಿರಲಿಲ್ಲ. ಸರಿ. ಆದರೆ ಯಾವುದು ಮುಂದೆ, ಯಾವುದು ಹಿಂದೆ? ಕೈಯಲ್ಲಿ ಕಾಸಿರುವ ಕಂಪನಿಗೆ ನೀರು ಶುದ್ಧೀಕರಣ ಘಟಕ ಹಾಕುವುದೂ ಸುಲಭ, ಅದರ ವರದಿ ಬರೆಯಲು ನಾಲ್ಕು ಜನರನ್ನು ಇಟ್ಟುಕೊಳ್ಳುವುದೂ ಸುಲಭ. ಲಾಭವೇ ಒಳ್ಳೆಯ ವರದಿಯನ್ನು ತಂದಿರಬಹುದು. ಇನ್ನು ಕಂಪನಿಗಳ ಈ ನಡವಳಿಕೆಗೆ ಅಂಕ ಕೊಡುವವರ ಕಥೆ. ಫೋಕ್ಸ್‌ವ್ಯಾಗನ್ 2015ರ ಸೆಪ್ಟೆಂಬರ್ ಮೊದಲಲ್ಲಿ ಡೌ ಜೋನ್ಸ್ ಸುಸ್ಥಿರತೆ ಸೂಚ್ಯಂಕದಲ್ಲಿ ಕಾರು ಕಂಪನಿಗಳಿಗೆಲ್ಲ ಅಗ್ರಗಣ್ಯ. ಅದೇ ತಿಂಗಳು 18ಕ್ಕೆ ಡೀಸೆಲ್ ಹೊಗೆಯ ಮೋಸ ಹೊರಬಿತ್ತು. ಆಮೇಲಿನ ಎರಡು ದಿನದ ವಹಿವಾಟಿನಲ್ಲಿ ಷೇರು ಮೂರನೇ ಒಂದು ಭಾಗ ಕಳೆದುಕೊಂಡಿತು. ಹಾಗಾಗಿ ಅಂಕ ನೋಡಿ ದುಡ್ಡು ಹಾಕುವುದಿಲ್ಲ. ಅಂಕದ ಹಿಂದಿನ ಸಂಖ್ಯೆ ಸಿಕ್ಕರೆ ಬಿಡುವುದೂ ಇಲ್ಲ.

ಬಿಡದಿರುವುದಕ್ಕೆ ಕಾರಣ ನಮ್ಮ ಮೇಲ್ಮಗ್ಗುಲಲ್ಲೇ ಇದೆ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಹುಟ್ಟಿದ್ದು ಇರಾನಿಗೆ ಅದಿರು ಕೊಡಲೆಂದು. ಗಣಿ ಇದ್ದದ್ದು ಭದ್ರೆ ಹುಟ್ಟುವ ಕಾಡಿನಲ್ಲಿ. ಅದೇ ಹೊಳೆ ಲಕ್ಕವಳ್ಳಿಯ ಜಲಾಶಯ ತುಂಬಿ, ಭದ್ರಾವತಿಯ ನಡುವೆ ಹಾದು, ಕೂಡಲಿಯಲ್ಲಿ ನಮ್ಮ ತುಂಗೆಯನ್ನು ಸೇರುವುದು. 1987ರಲ್ಲಿ ಆ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವ ಅಧಿಸೂಚನೆ ಹೊರಟಿತು. 1999ಕ್ಕೆ ಗಣಿ ಗುತ್ತಿಗೆಯ ಮೂವತ್ತು ವರ್ಷ ಮುಗಿಯಿತು. ಅರಣ್ಯ ಇಲಾಖೆಯಲ್ಲಿ ದುಡಿದಿದ್ದ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು: 2005ರ ಕೊನೆಗೆ ಗಣಿ ಬಂದ್.

ಹೂಡಿಕೆದಾರಳ ಕಣ್ಣಿಂದ ಈ ಕಥೆ ಓದಿ. ಗಣಿ, ಯಂತ್ರ, ಘಟ್ಟ ಇಳಿದು ಮಂಗಳೂರಿಗೆ ಹೋಗುವ ಕೊಳವೆ, ಅಲ್ಲಿನ ಪೆಲೆಟ್ ಘಟಕ ಎಲ್ಲವೂ ಆಸ್ತಿಪಟ್ಟಿಯಲ್ಲಿ ಬೆಲೆಸಮೇತ ಕೂತಿದ್ದವು. ಅಷ್ಟೂ ಆಸ್ತಿ ಒಂದು ಕಾಡಿನ ಒಂದು ಪರವಾನಗಿಯ ಮೇಲೆ ನಿಂತಿದೆ ಅನ್ನುವುದಕ್ಕೆ, ಮಳೆಗಾಲದಲ್ಲಿ ಭದ್ರೆಗಿಳಿಯುವ ಕೆಂಪು ಹೂಳಿಗೆ, ಆ ಪಟ್ಟಿಯಲ್ಲಿ ಬೆಲೆ ಇರಲಿಲ್ಲ. ಗಣಿ ನಿಂತ ಮೇಲೆ ಮಂಗಳೂರಿನ ಘಟಕಕ್ಕೆ ಛತ್ತೀಸಗಡದ ಬೈಲಾಡಿಲದಿಂದ ಅದಿರು ತರಿಸಬೇಕಾಯಿತು. ಸ್ವಂತ ಗಣಿಯಿದ್ದ ಕಂಪನಿ ಕೊಂಡು ತಿನ್ನುವ ಕಂಪನಿಯಾಯಿತು. (ಷೇರಿನ ಸುಮಾರು ಶೇ 99 ಕೇಂದ್ರ ಸರ್ಕಾರದ್ದೇ ಆದ್ದರಿಂದ ಪೆಟ್ಟು ತಿಂದ ಸಣ್ಣ ಹೂಡಿಕೆದಾರರು ಕಡಿಮೆ, ಅದೊಂದು ಪುಣ್ಯ.) ಹೂಳು ಕೊನೆಗೂ ಲೆಕ್ಕಕ್ಕೆ ಬಂತು, ಆದರೆ ನ್ಯಾಯಾಲಯದ ದಾರಿಯಿಂದ ಬಂತು.

ಇಂಥದ್ದು ಮೊದಲೇ ಕಾಣಲಿ ಅಂತಲೇ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2021ರಲ್ಲಿ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ-ಸುಸ್ಥಿರತೆ ವರದಿಯ ನಮೂನೆ ತಂದದ್ದು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪನಿಗಳಿಗೆ 2022-23ರಿಂದ ಅದು ಕಡ್ಡಾಯ. ಅದರ ಆರನೇ ತತ್ವ ಪೂರ್ತಿ ಪರಿಸರದ್ದು: ವಿದ್ಯುತ್ತು, ನೀರು, ಹೊಗೆ, ಕಸ. ನೋಡಿದರೆ ಹೊಸದು ಅನ್ನಿಸುತ್ತದೆ. ಭದ್ರಾವತಿಯವರಿಗೆ ಪೂರ್ತಿ ಹೊಸದೇನಲ್ಲ. 1988ರ ಕಂಪನಿ ನಿಯಮಗಳಲ್ಲಿ 'ಫಾರಂ ಎ' ಅಂತ ಒಂದಿತ್ತು. ಕಾಗದ, ಉಕ್ಕು, ಸಕ್ಕರೆ, ಸಿಮೆಂಟಿನಂಥ ಕೈಗಾರಿಕೆಗಳು ಒಂದು ಟನ್ ಸರಕಿಗೆ ಎಷ್ಟು ಯೂನಿಟ್ ಕರೆಂಟು, ಎಷ್ಟು ಕಲ್ಲಿದ್ದಲು ಸುಟ್ಟೆವು ಅಂತ ನಿರ್ದೇಶಕರ ವರದಿಗೆ ಲಗತ್ತಿಸಬೇಕಿತ್ತು. ಒಂದು ಕಾಲಕ್ಕೆ ಈ ನಾಲ್ಕನ್ನೂ ತಯಾರಿಸಿದ ಊರು ಭದ್ರಾವತಿ. ನಮ್ಮ ಕಡೆ ಅಲ್ಲಿನ ಎಂಪಿಎಂ (ಮೈಸೂರು ಕಾಗದ ಕಾರ್ಖಾನೆ) ಷೇರು ಇದ್ದ ಮನೆಗಳಿಗೆ ವರದಿ ಅಂಚೆಯಲ್ಲಿ ಬರುತ್ತಿತ್ತು. ಡಿವಿಡೆಂಡ್ ಚೆಕ್ ಇಲ್ಲ ಅಂತ ಗೊತ್ತಾದೊಡನೆ ಅದು ಅಟ್ಟ ಸೇರುತ್ತಿತ್ತು. ಆ ಕಾರ್ಖಾನೆ ಕೊನೆಗೆ ನಿಂತೇಹೋಯಿತು, ಅದಕ್ಕೆ ಮಾಲಿನ್ಯ ಕಾರಣವಲ್ಲ. ಹಳೇ ಯಂತ್ರ, ಸಾಲ, ಅಗ್ಗದ ಆಮದು ನ್ಯೂಸ್‌ಪ್ರಿಂಟ್ ಅಂತ ಅದರ ಸುತ್ತಲಿನ ಪೇಪರ್ ಟೌನಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಯಂತ್ರಕ್ಕೆ ವಯಸ್ಸಾಗಿದೆ ಅನ್ನುವುದು ಲಾಭ-ನಷ್ಟದ ಪಟ್ಟಿಗಿಂತ ಮೊದಲು ಕಾಣುವುದು ಟನ್ನಿಗೆಷ್ಟು ಯೂನಿಟ್ ಎಂಬ ಸಾಲಿನಲ್ಲೇ. 2013ರ ಕಂಪನಿ ಕಾಯ್ದೆಯ ನಿಯಮಗಳು ಬಂದಾಗ ಆ ನಮೂನೆಯನ್ನು ಕೈಬಿಟ್ಟರು. ನನ್ನ ಪ್ರಕಾರ ಅದು ಶುದ್ಧ ತಪ್ಪು.

ಬಿಆರ್‌ಎಸ್‌ಆರ್ ಮೊದಲು ಬಂದಾಗ ಕೇಳಿದ್ದು ಟನ್ನಿಗೆಷ್ಟು ಅಂತಲ್ಲ, ರೂಪಾಯಿ ವಹಿವಾಟಿಗೆಷ್ಟು ಅಂತ. ಇಲ್ಲೇ ಕಣ್ಕಟ್ಟು ಇರುವುದು. ಒಂದು ಉಕ್ಕಿನ ಕಾರ್ಖಾನೆ ಇದೆ ಅಂದುಕೊಳ್ಳಿ. ವರ್ಷಕ್ಕೆ ಒಂದು ಲಕ್ಷ ಟನ್ ಉಕ್ಕು. ಟನ್ನಿಗೆ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್, ನಮ್ಮ ದೇಶದ ಸರಾಸರಿ ಹೆಚ್ಚುಕಡಿಮೆ ಇಷ್ಟೇ. ಉಕ್ಕಿನ ಬೆಲೆ ಟನ್ನಿಗೆ 45,000 ಇದ್ದಾಗ ವಹಿವಾಟು 450 ಕೋಟಿ, ಕೋಟಿಗೆ ಸುಮಾರು 556 ಟನ್ ಹೊಗೆ. ಮರುವರ್ಷ ಬೆಲೆ 60,000ಕ್ಕೆ ಏರಿತು. ಒಲೆ ಅದೇ, ಹೊಗೆ ಅದೇ, ಆದರೆ ಕೋಟಿಗೆ 417 ಟನ್. 'ಹೊರಸೂಸುವಿಕೆಯ ತೀವ್ರತೆ ಶೇ 25 ಇಳಿಕೆ' ಅಂತ ಹಸಿರು ಅಕ್ಷರದಲ್ಲಿ ಅಚ್ಚು ಹಾಕಿಸಬಹುದು. ಅದರಲ್ಲಿ ಒಂದು ಸುಳ್ಳೂ ಇರುವುದಿಲ್ಲ. ಬೆಲೆ ಬಿದ್ದ ವರ್ಷ ಅದೇ ಕಂಪನಿ ಈ ಪುಟವನ್ನು ಸದ್ದಿಲ್ಲದೆ ಹಿಂದಕ್ಕೆ ತಳ್ಳುತ್ತದೆ. ಪುಣ್ಯಕ್ಕೆ 2023ರ ಜುಲೈಯಲ್ಲಿ ಸೆಬಿ ನಮೂನೆ ತಿದ್ದಿ, ತಯಾರಾದ ಸರಕಿನ ಲೆಕ್ಕದಲ್ಲೂ ಹೇಳಿ ಅಂದಿತು. ನಾನು ಆ ಸಾಲನ್ನೇ ಹುಡುಕುತ್ತೇನೆ. ಯುರೋಪ್ ಒಕ್ಕೂಟ 2026ರ ಜನವರಿಯಿಂದ ಆಮದು ಕಬ್ಬಿಣ-ಉಕ್ಕಿಗೆ ಇಂಗಾಲದ ಸುಂಕ ಜಾರಿ ಮಾಡಿರುವುದೂ ಟನ್ನಿನ ಲೆಕ್ಕದಲ್ಲೇ.

ಲೆಕ್ಕ ಬರೆಯುವುದರಿಂದಲೇ ದುಡ್ಡು ಉಳಿಯುವುದನ್ನು ನಾನು ಕಣ್ಣಾರೆ ಕಂಡದ್ದು ಮಾಚೇನಹಳ್ಳಿಯಲ್ಲಿ. ಶಿವಮೊಗ್ಗ-ಭದ್ರಾವತಿ ನಡುವಿನ ಆ ಕೈಗಾರಿಕಾ ಪ್ರದೇಶದಲ್ಲಿ ಪರಿಚಿತರೊಬ್ಬರ ಫೌಂಡ್ರಿ ಇದೆ. ಷೇರುಪೇಟೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅವರ ಎರಕದ ಭಾಗ ಕೊಳ್ಳುವ ದೊಡ್ಡ ವಾಹನ ಕಂಪನಿ ಒಂದು ಎಕ್ಸೆಲ್ ಹಾಳೆ ಕಳಿಸಿತು: ಟನ್ ಎರಕಕ್ಕೆ ಎಷ್ಟು ಯೂನಿಟ್, ಸುಟ್ಟ ಮರಳು ಎಲ್ಲಿಗೆ ಹೋಗುತ್ತದೆ, ನೀರೆಷ್ಟು. ಬೈದುಕೊಂಡೇ ತುಂಬಲು ಕೂತರು. ಮೆಸ್ಕಾಂ ಬಿಲ್ಲು ತಿಂಗಳಿಗೊಂದು ಬರುತ್ತದೆ, ಅದರಲ್ಲಿ ಟನ್ನಿನ ಲೆಕ್ಕ ಸಿಗುವುದಿಲ್ಲ. ಕೊನೆಗೆ ಇಂಡಕ್ಷನ್ ಫರ್ನೇಸಿಗೇ ಬೇರೆ ಮೀಟರು ಹಾಕಿ, ಪ್ರತಿ ಹೀಟಿನ (ಒಂದು ಸಲದ ಕರಗಿಸುವಿಕೆಯ) ಯೂನಿಟ್ಟನ್ನು ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು. ಕಬ್ಬಿಣ ಕರಗಿಸಲು ಟನ್ನಿಗೆ 550ರಿಂದ 600 ಯೂನಿಟ್ ಬೇಕು ಅನ್ನುವುದು ಆ ಕಸುಬಿನ ಸಾಮಾನ್ಯ ಲೆಕ್ಕ. ಹಲಗೆಯಲ್ಲಿ ಕೆಲವು ರಾತ್ರಿಪಾಳಿಯ ಅಂಕಿಗಳು ಅದಕ್ಕಿಂತ ಬಹಳ ಮೇಲಿದ್ದವು. ಅಚ್ಚು ತಯಾರಾಗದೆ ಕರಗಿದ ಲೋಹವನ್ನು ಮುಚ್ಚಳ ತೆರೆದು ಕಾಯಿಸುತ್ತ ಕೂರುತ್ತಿದ್ದರು. ಪಾಳಿ ಬದಲಿಸಿ, ಮುಚ್ಚಳ ಹಾಕಿಸಿದ ಮೇಲೆ ಕರೆಂಟಿನ ಖರ್ಚು ಇಳಿಯಿತು. ಹೊಗೆಯ ಮಾತು ಯಾರೂ ಆಡಲಿಲ್ಲ. ಆ ಕಂಪನಿಯ ಆರ್ಡರೂ ಉಳಿಯಿತು.

ದೊಡ್ಡ ಕಂಪನಿಗಳ ವರದಿಯಲ್ಲಿ ಇಂಥ ಕಪ್ಪು ಹಲಗೆ ಕಾಣುವುದಿಲ್ಲ. ಕಡ್ಡಾಯ ಭಾಗ ಹೆಚ್ಚಾಗಿ ಇಡೀ ಕಂಪನಿಯ ಒಟ್ಟು ಲೆಕ್ಕ ಕೇಳುತ್ತದೆ. ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಮೊತ್ತದಲ್ಲಿ ಅದರದೇ ಉಕ್ಕಿನ ಕಾರ್ಖಾನೆಯಾದ ಭದ್ರಾವತಿಯ ವಿಐಎಸ್‌ಎಲ್ ಪಾಲೆಷ್ಟು ಅಂತ ಬಿಡಿಸಿಕೊಳ್ಳುವುದು ಕಷ್ಟ. ಹಾಗಾಗಿ ನಾನು ಇನ್ನೆರಡು ಕಡೆ ಕಣ್ಣು ಹಾಯಿಸುತ್ತೇನೆ. ನೀರು, ಗಾಳಿ, ಪರಿಸರ ಕಾಯ್ದೆಗಳನ್ನು ಪಾಲಿಸಿದ್ದೀರಾ, ಇಲ್ಲದಿದ್ದರೆ ದಂಡವೆಷ್ಟು ಎಂಬ ಪ್ರಶ್ನೆ ಆರನೇ ತತ್ವದಲ್ಲೇ ಇದೆ. ಅಲ್ಲಿ 'ಉಲ್ಲಂಘನೆ ಇಲ್ಲ' ಅಂತಿದ್ದು, ಹಣಕಾಸು ಟಿಪ್ಪಣಿಯ ಸಂಭಾವ್ಯ ಹೊಣೆಗಳಲ್ಲಿ ಮಾಲಿನ್ಯ ಮಂಡಳಿಯ ವ್ಯಾಜ್ಯ ಕಂಡರೆ ಆ ಷೇರು ನನಗೆ ಬೇಡ. ಇನ್ನೊಂದು, ವರದಿಯ ಆರಂಭದಲ್ಲಿ ಬರುವ ಅಪಾಯಗಳ ಕೋಷ್ಟಕ. ಕೊನೆಯ ಕಲಮಿನಲ್ಲಿ ಹಣಕಾಸಿನ ಪರಿಣಾಮ ಏನು ಅಂತ ಕೇಳಿರುತ್ತಾರೆ. ಬಹಳಷ್ಟು ಕಂಪನಿಗಳು ಅಲ್ಲಿ 'ನೆಗೆಟಿವ್' ಅಂತ ಒಂದು ಪದ ಗೀಚಿ ಕೈತೊಳೆದುಕೊಳ್ಳುತ್ತವೆ. ನೀರು ಸಿಗದೆ ಇಷ್ಟು ದಿನ ಘಟಕ ನಿಂತಿತ್ತು, ಇಷ್ಟು ಖರ್ಚು ಬಂತು ಅಂತ ಬರೆಯುವವರು ಅಪರೂಪ. ಅಂಥವರ ಷೇರು ಸ್ವಲ್ಪ ದುಬಾರಿಯಾದರೂ ಕೊಳ್ಳುತ್ತೇನೆ, ಏಕೆಂದರೆ ಕೆಟ್ಟ ಸುದ್ದಿಯನ್ನು ಪತ್ರಿಕೆಗಿಂತ ಮೊದಲು ಅವರೇ ಹೇಳುತ್ತಾರೆ ಅನ್ನುವ ಧೈರ್ಯ.

ಸದ್ಯ ನನ್ನ ಡಿಮ್ಯಾಟಿನಲ್ಲಿ ಒಂದು ಸಿಮೆಂಟ್ ಷೇರಿದೆ. ಕಳೆದ ವರದಿಯಲ್ಲಿ ಟನ್ನಿನ ಸಾಲಿನೆದುರು 'ಅನ್ವಯಿಸುವುದಿಲ್ಲ' ಅಂತ ಬರೆದಿದ್ದರು. ಸಿಮೆಂಟನ್ನು ಟನ್ನಿನಲ್ಲಿ ಅಳೆಯದೆ ಇನ್ನು ಯಾವುದರಲ್ಲಿ ಅಳೆಯುತ್ತಾರೋ. ಹೂಡಿಕೆದಾರರ ವಿಭಾಗಕ್ಕೆ ಇ-ಮೇಲ್ ಬರೆದು ಕೇಳಿದ್ದೇನೆ. ವಾರ್ಷಿಕ ಸಭೆಯೊಳಗೆ ಉತ್ತರ ಬರದಿದ್ದರೆ ಮಾರುತ್ತೇನೆ.