ಡೀಸೆಲ್ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಬಲಪಡಿಸುವ ಮುನ್ನ ತಿಳಿಯಬೇಕಾದ ಪಾಠ



ಹಸು, ಮೇವು, ಪಶು ಆಹಾರ ಇವುಗಳ ಬಗ್ಗೆ ನಾವು ಈ ಪುಟಗಳಲ್ಲಿ ಸದಾ ಚರ್ಚಿಸುತ್ತೇವೆ. ಕರೆದ ಹಾಲನ್ನು ಹೊತ್ತೊಯ್ಯುವ ವಾಹನದ ವಿಷಯ ಬಂದಾಗ ಮಾತ್ರ ‘ಅದು ಡ್ರೈವರನ ಕೆಲಸ’ ಎಂದು ಸುಮ್ಮನಾಗುತ್ತೇವೆ. ಆದರೆ ವಾಹನ ದಾರಿಯಲ್ಲಿ ನಿಂತರೆ ನಷ್ಟವಾಗುವುದು ಡ್ರೈವರನಿಗೊಬ್ಬನಿಗೇ ಅಲ್ಲ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ, ನಾನು ಹತ್ತಿದ್ದ ಹಾಲಿನ ಪಿಕಪ್ ಏರಿನ ಮಧ್ಯದಲ್ಲಿ ನಿಂತುಬಿಟ್ಟಿತು. ಹಿಂದೆ ಮೂರು ಸಂಘಗಳ ಇಪ್ಪತ್ತಕ್ಕೂ ಹೆಚ್ಚು ಕ್ಯಾನುಗಳಿದ್ದವು. ಎಂಜಿನ್ ಗರ್ಜಿಸುತ್ತಿತ್ತು, ಚಕ್ರ ಮಾತ್ರ ತಿರುಗಲೊಲ್ಲದು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ವಿಚಾರಿಸಿದಾಗ, ಎಳೆತ ಹೆಚ್ಚಲೆಂದು ಮಾಲೀಕರು ಹಿಂದಿನ ತಿಂಗಳಷ್ಟೇ ಡೀಸೆಲ್ ಪಂಪಿನ ಸೆಟ್ಟಿಂಗ್ ಏರಿಸಿದ್ದರೆಂದು ತಿಳಿಯಿತು. ಎಂಜಿನ್‌ಗೆ ಬಲ ಬಂದಿತ್ತು, ಕ್ಲಚ್ ಮಾತ್ರ ಹಳೆಯದೇ ಇತ್ತು. ಬೇರೆ ಗಾಡಿ ಬರುವ ವೇಳೆಗೆ ಬಿಸಿಲೇರಿತ್ತು. ಶೀತಲೀಕರಣ ಕೇಂದ್ರದಲ್ಲಿ ಆ ಹಾಲು ಪರೀಕ್ಷೆಗೆ ನಿಲ್ಲಲಿಲ್ಲ. ಒಂದು ಹೊತ್ತಿನ ಹಾಲು ಹೋಯಿತೆಂದರೆ ಒಂದೆರಡು ಹಸು ಕಟ್ಟಿದವರ ಬಟವಾಡೆಯಲ್ಲಿ ಅದು ಎದ್ದು ಕಾಣುತ್ತದೆ.

ಇತ್ತೀಚೆಗೆ ಸದಸ್ಯರೊಬ್ಬರ ಮಗ ಒಂದು ಪ್ರಶ್ನೆ ಕೇಳಿದರು. ‘ಅಮೇರಿಕದ ರೈತರು ಡೀಸೆಲ್ ಪಿಕಪ್‌ಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಬಿಚ್ಚಿ ಬಲಪಡಿಸಿಕೊಳ್ಳುತ್ತಾರಂತೆ. ಅದೇನು? ನಮಗೂ ಉಪಯೋಗವಿದೆಯೇ?’ ಅದಕ್ಕೆ ಉತ್ತರವೇ ಈ ಪಾಠ. ನಮ್ಮ ಹಾಲಿನ ಮಾರ್ಗಗಳ ಪಿಕಪ್‌ಗಳಲ್ಲಿ ಹೆಚ್ಚಿನವು ಕ್ಲಚ್ ಪೆಡಲ್ ಇರುವಂಥವು. ಆದರೂ ಆ ದೇಶದವರು ಕಲಿತ ಪಾಠ ನಮಗೂ ಅನ್ವಯಿಸುತ್ತದೆ.

1. ಎತ್ತು ಮತ್ತು ನೊಗ

ಎಂಜಿನ್ನಿನ ಬಲ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಮೊದಲು ಕ್ಲಚ್, ನಂತರ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲ್ಲರ್ ಷಾಫ್ಟ್, ಕೊನೆಗೆ ಡಿಫರೆನ್ಷಿಯಲ್ ಮೂಲಕ ಚಕ್ರ ತಲುಪುತ್ತದೆ. ಎಂಜಿನ್ ಎತ್ತು ಎಂದುಕೊಳ್ಳಿ. ಉಳಿದವು ನೊಗ, ಹಗ್ಗ, ಮೂಕಿ. ದುರ್ಬಲ ಎತ್ತುಗಳನ್ನು ಬಿಚ್ಚಿ ಬಲವಾದ ಹೋರಿಗಳನ್ನು ಕಟ್ಟಿದ ಮಾತ್ರಕ್ಕೆ ಹಳೆಯ ನೊಗ ಗಟ್ಟಿಯಾಗುವುದಿಲ್ಲ. ಮೊದಲ ಏರಿನಲ್ಲೇ ಅದು ಮುರಿಯುತ್ತದೆ.

2. ಅಮೇರಿಕದ ಡಾಡ್ಜ್ ಪಿಕಪ್‌ನ ಕಥೆ

ಅಮೇರಿಕದಲ್ಲಿ 1989ನೇ ಮಾದರಿಯ ಡಾಡ್ಜ್ ರ‍್ಯಾಮ್ ಪಿಕಪ್‌ಗೆ ಕಮ್ಮಿನ್ಸ್ ಕಂಪನಿಯ 5.9 ಲೀಟರ್, 6 ಸಿಲಿಂಡರ್ ಡೀಸೆಲ್ ಎಂಜಿನ್ ಅಳವಡಿಸಲಾಯಿತು. ಈ ಎಂಜಿನ್ ನಮಗೆ ಅಪರಿಚಿತವಲ್ಲ. 1993ರಲ್ಲಿ ಸ್ಥಾಪನೆಯಾದ ಜಮ್ಶೆಡ್‌ಪುರದ ಟಾಟಾ ಕಮ್ಮಿನ್ಸ್ ಕಾರ್ಖಾನೆ ಇದೇ ‘ಬಿ’ ವರ್ಗದ 5.9 ಲೀಟರ್ ಎಂಜಿನ್‌ಗಳನ್ನು ಟಾಟಾ ಲಾರಿಗಳಿಗಾಗಿ ತಯಾರಿಸಿತು.

ಡಾಡ್ಜ್ ಪಿಕಪ್‌ನಲ್ಲಿ ಇದರ ಶಕ್ತಿ 160 ಅಶ್ವಶಕ್ತಿ. ಎಳೆತ, ಅಂದರೆ ಟಾರ್ಕ್, ಸುಮಾರು 540 ನ್ಯೂಟನ್ ಮೀಟರ್. ಪೂರ್ಣ ಎಳೆತವು ನಿಮಿಷಕ್ಕೆ ಸುಮಾರು 1,700 ಸುತ್ತಿನಲ್ಲೇ ದೊರೆಯುತ್ತಿತ್ತು. ಜಾನುವಾರು ತುಂಬಿದ ಟ್ರೈಲರ್ ಎಳೆಯುವ ರೈತರಿಗೆ ಇದು ಬಹಳ ಹಿಡಿಸಿತು.

ತೊಡಕು ಇದ್ದದ್ದು ಹಿಂದೆ. ಇದರೊಂದಿಗೆ ಕೊಟ್ಟ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕ್ರೈಸ್ಲರ್ ಕಂಪನಿಯ 727 ಎಂಬ ಮೂರು ಗೇರಿನದು. ಅದರ ಮೂಲ ವಿನ್ಯಾಸ 1962ರ ಮಾದರಿಯ ಪೆಟ್ರೋಲ್ ಕಾರುಗಳ ಕಾಲದ್ದು. ಮುಂದೆ ಅದಕ್ಕೇ ನಾಲ್ಕನೆಯ ಗೇರನ್ನು ಜೋಡಿಸಿ ಸುಧಾರಿಸುತ್ತಾ ಬಂದರು. 1994ರಲ್ಲಿ 47ಆರ್‌ಎಚ್, 1996ರಲ್ಲಿ 47ಆರ್‌ಇ, 2003ರಲ್ಲಿ 48ಆರ್‌ಇ ಎಂಬ ಹೆಸರಿನವು ಬಂದವು.

ಈಗ ಒಂದು ಅಂಶವನ್ನು ಗಮನಿಸಬೇಕು. 1996ರ ಮಾದರಿಯಲ್ಲಿ ಕ್ಲಚ್ ಪೆಡಲ್ ಇರುವ ಪಿಕಪ್‌ಗೆ 215 ಅಶ್ವಶಕ್ತಿ ಕೊಟ್ಟ ಕಂಪನಿ, ಅದೇ ಎಂಜಿನ್ನಿನ ಆಟೋಮ್ಯಾಟಿಕ್ ಪಿಕಪ್‌ಗೆ ಕೊಟ್ಟಿದ್ದು 180 ಮಾತ್ರ. ತಯಾರಕರೇ ನೊಗವನ್ನು ನೋಡಿ ಎತ್ತಿನ ವೇಗ ತಗ್ಗಿಸಿದ್ದರು. ಎಷ್ಟೋ ಮಾಲೀಕರು ಇದನ್ನು ಲೆಕ್ಕಿಸದೆ ಪಂಪ್ ತಿರುಗಿಸಿ ಎಂಜಿನ್ ಬಲ ಏರಿಸಿದರು. ಗೇರ್‌ಬಾಕ್ಸುಗಳು ಸುಟ್ಟವು. ಆಗ ಆರಂಭವಾದದ್ದೇ ಗೇರ್‌ಬಾಕ್ಸ್ ಬಲಪಡಿಸುವ ಕೆಲಸ.

3. ಒಳಗೆ ಏನು ನಡೆಯುತ್ತದೆ?

ಬೆಂಗಳೂರಿನ ವೋಲ್ವೊ ನಗರ ಬಸ್ಸಿನಲ್ಲಿ ಕುಳಿತವರು ಗಮನಿಸಿರಬಹುದು, ಅಲ್ಲಿ ಚಾಲಕನ ಎಡಗಾಲಿಗೆ ಕೆಲಸವಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ ಪೆಡಲಿನ ಕೆಲಸವನ್ನು ಟಾರ್ಕ್ ಕನ್ವರ್ಟರ್ ಎಂಬ ಭಾಗ ಮಾಡುತ್ತದೆ.

ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಡಿ. ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಕನ್ವರ್ಟರಿನಲ್ಲಿ ಗಾಳಿಯ ಬದಲು ಎಣ್ಣೆ ಇದೆ. ಎಂಜಿನ್ ತಿರುಗಿಸುವ ರೆಕ್ಕೆ ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಗೇರ್‌ಬಾಕ್ಸ್ ಕಡೆಯ ರೆಕ್ಕೆ ತಿರುಗುತ್ತದೆ. ನಡುವೆ ಇರುವ ಸ್ಟೇಟರ್ ಎಂಬ ಮೂರನೆಯ ರೆಕ್ಕೆ ಹಿಂದಿರುಗುವ ಎಣ್ಣೆಗೆ ಸರಿಯಾದ ದಿಕ್ಕು ಕೊಡುವುದರಿಂದ ಗಾಡಿ ಹೊರಡುವಾಗ ಎಳೆತ ಸುಮಾರು ಎರಡರಷ್ಟಾಗುತ್ತದೆ.

ಇದರ ದೋಷ ಜಾರುವಿಕೆ. ಮೊದಲ ರೆಕ್ಕೆ ತಿರುಗಿದಷ್ಟು ಎರಡನೆಯದು ತಿರುಗುವುದಿಲ್ಲ. ಕಳೆದುಹೋದ ಬಲವೆಲ್ಲ ಎಣ್ಣೆಯಲ್ಲಿ ಬಿಸಿಯಾಗುತ್ತದೆ. ಒಂದು ಲೆಕ್ಕ ನೋಡಿ. 160 ಅಶ್ವಶಕ್ತಿ ಎಂದರೆ ಸುಮಾರು 120 ಕಿಲೋವಾಟ್. ಏರಿನಲ್ಲಿ ಇದರ ಹತ್ತನೆಯ ಒಂದು ಪಾಲು ಜಾರಿದರೂ 12 ಕಿಲೋವಾಟ್ ಬಿಸಿ ಎಣ್ಣೆ ಸೇರುತ್ತದೆ. ಒಂದು ಕಿಲೋವಾಟಿನ ನೀರು ಕಾಯಿಸುವ ಕಾಯಿಲ್‌ಗಳನ್ನು ಹನ್ನೆರಡು ಒಟ್ಟಿಗೆ ಆ ಎಣ್ಣೆಯಲ್ಲಿ ಅದ್ದಿದಂತೆ!

ಇದನ್ನು ತಪ್ಪಿಸಲು ವೇಗ ಹಿಡಿದ ಮೇಲೆ ಎರಡೂ ರೆಕ್ಕೆಗಳನ್ನು ಒಂದಾಗಿ ಬಿಗಿಯುವ ‘ಲಾಕಪ್ ಕ್ಲಚ್’ ಇರುತ್ತದೆ. ಎಂಜಿನ್ ಬಲ ಮಿತಿ ಮೀರಿದರೆ ಈ ಕ್ಲಚ್ಚೇ ಜಾರತೊಡಗುತ್ತದೆ.

ಗೇರ್‌ಬಾಕ್ಸಿನ ಎಣ್ಣೆಗೆ ಮೂರು ಕೆಲಸ: ಬಲ ಸಾಗಿಸುವುದು, ಒತ್ತಡದಿಂದ ಒಳಗಿನ ಕ್ಲಚ್ ಪ್ಲೇಟುಗಳನ್ನು ಹಿಡಿಯುವುದು ಮತ್ತು ಸವೆತ ತಡೆಯುವುದು. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಬಹುಕಾಲ ಬಾಳುತ್ತದೆ. ಅದಕ್ಕಿಂತ ಮೇಲೆ ಪ್ರತಿ 11 ಡಿಗ್ರಿಗೆ ಎಣ್ಣೆಯ ಆಯುಸ್ಸು ಅರ್ಧವಾಗುತ್ತದೆ ಎಂಬುದು ಮೆಕ್ಯಾನಿಕರು ಬಳಸುವ ಸ್ಥೂಲ ಲೆಕ್ಕ. ಹಾಲಿಗೆ 4 ಡಿಗ್ರಿ ಎಷ್ಟು ಮುಖ್ಯವೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲಾಗಲಿ ಎಣ್ಣೆಯಾಗಲಿ, ಕೆಡಿಸುವುದು ಬಿಸಿಯೇ.

4. ಬಲಪಡಿಸುವ ಕ್ರಮ

ಡಾಡ್ಜ್ ಪಿಕಪ್‌ಗಳನ್ನು ರಿಪೇರಿ ಮಾಡಿ ಪಳಗಿದವರು ಅನುಸರಿಸುವ ಕ್ರಮ ಹೀಗಿದೆ:

(ಅ) ಬಿಸಿ ಅಳೆಯುವ ಗೇಜ್: ಮೊದಲು ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆ ಡ್ರೈವರನಿಗೆ ಕಾಣುವಂತೆ ಮಾಡಬೇಕು. ಜ್ವರ ನೋಡದೆ ಹಸುವಿಗೆ ಔಷಧಿ ಕೊಡುವುದಿಲ್ಲ, ಅಲ್ಲವೆ?

(ಆ) ತಂಪು: ಹೆಚ್ಚುವರಿ ಆಯಿಲ್ ಕೂಲರ್, ಹೆಚ್ಚು ಎಣ್ಣೆ ಹಿಡಿಯುವ ಆಳವಾದ ತಳದ ಪ್ಯಾನ್, ಹೊಸ ಎಣ್ಣೆ ಮತ್ತು ಫಿಲ್ಟರ್. ಗೇರ್‌ಬಾಕ್ಸ್ ಒಮ್ಮೆ ಸುಟ್ಟಿದ್ದರೆ ಹಳೆಯ ಕೂಲರನ್ನು ಬದಲಿಸಬೇಕು, ಇಲ್ಲವೆ ಪೂರ್ತಿ ತೊಳೆಯಬೇಕು. ಹಾಗೆಯೇ ಬಿಟ್ಟರೆ ಅದರಲ್ಲಿ ಉಳಿದ ಲೋಹದ ಪುಡಿ ಹೊಸ ಗೇರ್‌ಬಾಕ್ಸನ್ನೂ ಕೆಡಿಸುತ್ತದೆ. ಹುಳಿ ಹಾಲಿನ ಕ್ಯಾನನ್ನು ತೊಳೆಯದೆ ಹೊಸ ಹಾಲು ಸುರಿದಂತೆ.

(ಇ) ಟಾರ್ಕ್ ಕನ್ವರ್ಟರ್: ಪೆಟ್ರೋಲ್ ಎಂಜಿನ್‌ಗೆ ಹೊಂದುವ ಕನ್ವರ್ಟರ್ ಹೆಚ್ಚು ಸುತ್ತು ಬರುವವರೆಗೆ ಜಾರುತ್ತದೆ. ಡೀಸೆಲ್ ಎಂಜಿನ್‌ಗೆ ಕಡಿಮೆ ಸುತ್ತಿನಲ್ಲೇ ಹಿಡಿಯುವಂಥದು ಬೇಕು. ಒಂದು ಲಾಕಪ್ ಪ್ಲೇಟಿನ ಬದಲು ಎರಡು ಮೂರು ಪ್ಲೇಟುಗಳಿರುವ, ಬಗ್ಗದ ದಪ್ಪ ಉಕ್ಕಿನ ಮುಚ್ಚಳದ ಕನ್ವರ್ಟರ್ ಹಾಕುತ್ತಾರೆ.

(ಈ) ವಾಲ್ವ್ ಬಾಡಿ: ಎಣ್ಣೆಯನ್ನು ಯಾವ ಕ್ಲಚ್ಚಿಗೆ ಎಷ್ಟು ಒತ್ತಡದಲ್ಲಿ ಕಳುಹಿಸಬೇಕೆಂದು ನಿರ್ಧರಿಸುವ ಭಾಗ ಇದು. ಒತ್ತಡವನ್ನು ಮಿತವಾಗಿ ಏರಿಸಿದರೆ ಪ್ಲೇಟುಗಳ ಹಿಡಿತ ಬಿಗಿಯಾಗುತ್ತದೆ. ಅತಿಯಾದರೆ ಪ್ರತಿ ಗೇರಿಗೂ ಏಟು ಬಿದ್ದು ಬೇರೆ ಭಾಗ ಒಡೆಯುತ್ತದೆ.

(ಉ) ಕ್ಲಚ್ ಪ್ಲೇಟು, ಬ್ಯಾಂಡ್ ಮತ್ತು ಷಾಫ್ಟ್: ಹೆಚ್ಚು ಪ್ಲೇಟುಗಳು, ಗಟ್ಟಿ ಬ್ಯಾಂಡ್, ಉತ್ತಮ ಉಕ್ಕಿನ ಇನ್‌ಪುಟ್ ಷಾಫ್ಟ್.

(ಊ) ಎಂಜಿನ್ ಬಲ: ಮೇಲಿನದೆಲ್ಲ ಮುಗಿದ ಮೇಲಷ್ಟೇ ಇದರ ಯೋಚನೆ. ನಷ್ಟ ಅನುಭವಿಸಿದವರಲ್ಲಿ ಬಹಳ ಮಂದಿ ಇದನ್ನೇ ಮೊದಲು ಮಾಡಿದವರು.

ಒಂದು ಎಚ್ಚರಿಕೆಯ ಮಾತು. ಒಂದು ಭಾಗವನ್ನು ಗಟ್ಟಿ ಮಾಡಿದರೆ ಮುರಿಯುವ ಜಾಗ ಮುಂದಿನ ಭಾಗಕ್ಕೆ ಹೋಗುತ್ತದೆ. ಕ್ಲಚ್ ಜಾರದಿದ್ದರೆ ಷಾಫ್ಟಿಗೆ ಪೆಟ್ಟು, ಷಾಫ್ಟ್ ಗಟ್ಟಿಯಾದರೆ ಡಿಫರೆನ್ಷಿಯಲ್‌ಗೆ ಪೆಟ್ಟು. ಖರ್ಚಿಗೆ ಕೊನೆಯಿಲ್ಲ. ಆದುದರಿಂದ ಹೊರೆ ಹೊರುವ ರೈತನಿಗೆ ಮೊದಲ ಎರಡು ಹೆಜ್ಜೆಗಳೇ, ಅಂದರೆ ಗೇಜ್ ಮತ್ತು ತಂಪು, ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ಕೊಡುತ್ತವೆ.

5. ರೋಗದ ಲಕ್ಷಣಗಳು

* ಎಂಜಿನ್ ಸುತ್ತು ಏರಿದರೂ ಗಾಡಿಯ ವೇಗ ಏರದಿರುವುದು.
* ಗೇರಿಗೆ ಹಾಕಿದ ಮೇಲೆ ಹಿಡಿಯಲು ತಡ ಮಾಡುವುದು.
* ಲಾಕಪ್ ಹಿಡಿಯುವ ಹೊತ್ತಿಗೆ ಗಾಡಿ ಅದುರುವುದು.
* ಕೆಂಪಗಿರಬೇಕಾದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುವುದು.

ಎಣ್ಣೆ ನೋಡುವ ಕ್ರಮವೂ ಎಲ್ಲ ಗಾಡಿಗೆ ಒಂದೇ ಅಲ್ಲ. ಈ ಡಾಡ್ಜ್ ಪಿಕಪ್‌ಗಳಲ್ಲಿ ಎಂಜಿನ್ ಓಡುತ್ತಿರುವಾಗ, ಹ್ಯಾಂಡ್‌ಬ್ರೇಕ್ ಹಾಕಿ, ‘ಪಾರ್ಕ್’ನಲ್ಲಿ ಅಲ್ಲ, ‘ನ್ಯೂಟ್ರಲ್’ನಲ್ಲಿ ಇಟ್ಟು ನೋಡಬೇಕು. ನಿಮ್ಮ ವಾಹನದ ಕೈಪಿಡಿಯಲ್ಲಿ ಹೇಗೆ ಹೇಳಿದೆಯೋ ಹಾಗೆಯೇ ಮಾಡಿ.

6. ನಮಗೆ ಇದರಿಂದ ಏನು ಪ್ರಯೋಜನ?

ಆಟೋಮ್ಯಾಟಿಕ್ ಎಂದರೆ ದುರ್ಬಲ ಎಂದು ಭಾವಿಸಬೇಡಿ. ಅಮೇರಿಕದಲ್ಲೇ 2001ರ ಮಾದರಿಯ ಷೆವ್ರೊಲೆ ಡೀಸೆಲ್ ಪಿಕಪ್‌ಗೆ ಆಲಿಸನ್ 1000 ಎಂಬ ಐದು ಗೇರಿನ ಗಟ್ಟಿ ಆಟೋಮ್ಯಾಟಿಕ್ ಬಂದಿತು. ನಮ್ಮ ಬಿಡದಿಯ ಕಾರ್ಖಾನೆಯಿಂದ 2022ರಲ್ಲಿ ಹೊರಬಂದ ಟೊಯೊಟ ಹೈಲಕ್ಸ್ ಪಿಕಪ್‌ನಲ್ಲಂತೂ 2.8 ಲೀಟರ್ ಡೀಸೆಲ್ ಎಂಜಿನ್ನಿನ ಎಳೆತ ಕ್ಲಚ್ ಪೆಡಲ್ ಇರುವುದಕ್ಕೆ 420 ನ್ಯೂಟನ್ ಮೀಟರ್, ಆಟೋಮ್ಯಾಟಿಕ್‌ಗೆ 500. 1996ರ ಡಾಡ್ಜ್‌ನ ಕಥೆ ಇಲ್ಲಿ ತಲೆಕೆಳಗಾಗಿದೆ! ಎತ್ತಿಗೆ ತಕ್ಕ ನೊಗವನ್ನು ಮೊದಲೇ ಮಾಡಿದರೆ ಹೀಗಾಗುತ್ತದೆ. ತಯಾರಕರು ಹೊಂದಿಸಿ ಕೊಟ್ಟ ಈ ಜೋಡಿಯನ್ನು ನಾವು ಕೆಡಿಸಬಾರದು.

ಕ್ಲಚ್ ಪೆಡಲ್ ಇರುವ ಪಿಕಪ್‌ಗಳಿಗೂ ಇದೇ ನಿಯಮ. ಏರಿನಲ್ಲಿ ಅರ್ಧ ಕ್ಲಚ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳುವುದು, ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವುದು, ನೋಂದಣಿಯಲ್ಲಿ ಬರೆದುದಕ್ಕಿಂತ ಹೆಚ್ಚು ಹೊರೆ ಹೇರುವುದು, ಇವೆಲ್ಲವೂ ಜಾರುವಿಕೆಗೆ ಕಾರಣ. ಜಾರಿದಲ್ಲಿ ಬಿಸಿ, ಬಿಸಿಯಾದಲ್ಲಿ ಸವೆತ. ಏರು ಬರುವ ಮುನ್ನವೇ ಗೇರ್ ಇಳಿಸುವ ಡ್ರೈವರ್ ಮಾಲೀಕನ ಹಣ ಉಳಿಸುತ್ತಾನೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಬದಲಾಯಿಸುವಂತಿಲ್ಲ. ಎಂಜಿನ್ ಬಲ ಏರಿಸಿದ ಗಾಡಿಗೆ ಕಂಪನಿಯ ವಾರಂಟಿಯೂ ಕೈತಪ್ಪಬಹುದು.

ನೆನಪಿಡಬೇಕಾದ ಅಂಶಗಳು

1. ಎಂಜಿನ್ ಬಲಕ್ಕಿಂತ ಮೊದಲು ಗೇರ್‌ಬಾಕ್ಸಿನ ಬಲ ನೋಡಿ.
2. ಗೇರ್‌ಬಾಕ್ಸಿನ ದೊಡ್ಡ ಶತ್ರು ಬಿಸಿ. ಎಣ್ಣೆ, ಫಿಲ್ಟರ್‌ಗಳನ್ನು ಕೈಪಿಡಿಯ ಪ್ರಕಾರ ಕಾಲಕಾಲಕ್ಕೆ ಬದಲಿಸಿ.
3. ಸುಟ್ಟ ವಾಸನೆ ಬಂದ ದಿನವೇ ತೋರಿಸಿ, ‘ನಾಳೆ ನೋಡೋಣ’ ಎನ್ನಬೇಡಿ.
4. ಹಾಲಿನ ಮಾರ್ಗಕ್ಕೆ ವಾಹನ ಗೊತ್ತುಪಡಿಸುವಾಗ ಹೊರೆಯ ಮಿತಿಯನ್ನೂ ಕ್ಲಚ್‌ನ ಸ್ಥಿತಿಯನ್ನೂ ವಿಚಾರಿಸಿ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನಮಗೆಲ್ಲ ಗೊತ್ತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಹೀಗೆ ಹೊಂದಿಕೆ ತಪ್ಪಿದಾಗ ದಾರಿಯಲ್ಲಿ ಒಡೆಯುವುದು ನಾವು ನಸುಕಿನಲ್ಲಿ ಎದ್ದು ಕರೆದ ಹಾಲು. ಮುಂದಿನ ಸಂಘದ ಸಭೆಯಲ್ಲಿ ನಿಮ್ಮ ಮಾರ್ಗದ ವಾಹನದ ಬಗ್ಗೆ ಎರಡು ಮಾತು ಕೇಳಿ. ಡ್ರೈವರನನ್ನೂ ಜೊತೆಗೆ ಕೂರಿಸಿಕೊಂಡು ಚರ್ಚಿಸಿ.