ಬ್ರೇಕು ಬಿಟ್ಟ ಗಾಡಿ, ತಮ್ಮನ ಕೈಯಲ್ಲಿ ಚಾವಿ

ಅಕ್ಕಾವ್ರೇ, ನಂದು ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿ. ಎರಡು ವರ್ಷದ ಹಿಂದ ಫೈನಾನ್ಸ್ ಮ್ಯಾಲ ಹೊಸಾ ಪಿಕಪ್ ತಗೊಂಡೀನಿ. ನಾನೇ ಹೊಡೀತೀನಿ, ಬ್ಯಾರೆ ಡ್ರೈವರ್ ಇಟ್ಟಿಲ್ಲ. ಹಸಿ ಶುಂಠಿ, ಸೋಯಾ, ಟೊಮೆಟೊ ತುಂಬಿ ಹುಮನಾಬಾದ, ಜಹೀರಾಬಾದ, ಒಮ್ಮೊಮ್ಮೆ ಕಲಬುರಗಿತನಾ ಹೋಗ್ತೀನಿ. ತಿಂಗಳಾ ಕಂತು 17 ಸಾವಿರ.

ಮೂರು ತಿಂಗಳ ಹಿಂದ ಶುಂಠಿ ಹೇರ್ಕೊಂಡು ಕಲಬುರಗಿ ಕಡೆ ಹೊಂಟಿದ್ದೆ. ಒಂದು ಇಳಿಜಾರಿನಾಗ ಬ್ರೇಕ್ ಒತ್ತಿದ್ರ ಪೆಡಲ್ ತಳಕ್ಕ ಹೋಗಿ ಕುಂತ್ಬಿಡ್ತು. ಮುಂದ ಶಾಲಿ ಹುಡುಗ್ರ ಆಟೊ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳದು, ತೊಗರಿ ಹೊಲದಾಗ ಹೊಗಿಸಿದೆ. ಯಾರಿಗೂ ಏನೂ ಆಗ್ಲಿಲ್ಲ. ಅರ್ಧಾ ತಾಸು ಬಿಟ್ಟು ನೋಡಿದ್ರ ಬ್ರೇಕ್ ತಾನೇ ಸರಿ ಅದ!

ಸರ್ವಿಸ್ ಸೆಂಟರಿಗೆ ಮೂರು ಸಲ ಒಯ್ದೆ. ಮೊದಲ್ನೇ ಸಲ ಏನೂ ಫಾಲ್ಟ್ ಇಲ್ಲ ಅಂದ್ರು. ಎರಡ್ನೇ ಸಲ ಬ್ರೇಕ್ ಆಯಿಲ್ ಬದ್ಲಿ ಮಾಡಿ ಏರ್ ತಗದ್ರು. ಮೂರನೇ ಸಲ ಮಾಸ್ಟರ್ ಸಿಲಿಂಡರ್ ಬದ್ಲಿ ಮಾಡಿ, ನೀವು ಓವರ್‌ಲೋಡ್ ಹಾಕೀರಿ, ವಾರಂಟಿ ಬರಲ್ಲ ಅಂತ 9 ಸಾವಿರ ಬಿಲ್ ಹಚ್ಚಿದ್ರು. ಹದಿನೈದು ದಿನದಾಗ ರಾಜೇಶ್ವರ ಹತ್ರ ಪೆಡಲ್ ಮತ್ತ ಮೆತ್ತಗಾಯ್ತು. ಇಲ್ಲಿ ಆಟೊನಗರದ ಮಿಸ್ತ್ರಿ ಬೂಸ್ಟರ್ ಹೋಗ್ಯಾದ ಅಂತಾನ. ಯಾರ ಮಾತು ನಂಬಬೇಕ್ರಿ?

ಆ ಸೀಟಿನ ಮ್ಯಾಲ ಕುಂತ್ರ ನನ್ನ ಕಾಲು ನಡುಗ್ತಾವ. ರಾತ್ರಿ ನಿದ್ದಿ ಇಲ್ಲ. ಕಂತು ನಿಲ್ಲಂಗಿಲ್ಲಲ್ಲ, ಹಿಂಗಾಗಿ ಈಗ ಗಾಡಿ ತಮ್ಮ ಹೊಡೀತಾನ. ಅಪ್ಪ, ಯಾರಿಗೂ ಹೇಳ್ದೆ ಮಾರಿಬಿಡು ಅಂತಾನ. ಇನ್ಶೂರೆನ್ಸ್‌ನಾಗ ಏನಾರ ಬರ್ತದೇನ್ರಿ? ಕೇಸ್ ಹಾಕಿದ್ರ ನಮ್ಮಂಥೋರ ಮಾತು ನಡೀತದೇನ್ರಿ? ಹೆಸರು ಹಾಕಬ್ಯಾಡ್ರಿ.

*

ತಮ್ಮಾ, ನೀವು ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ಹೇಳುತ್ತೇನೆ. ಆದರೆ ಕೇಳದೆ, ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಲ್ಲ, ನಾನು ಅಲ್ಲೇ ನಿಂತುಬಿಟ್ಟೆ: "ಈಗ ಗಾಡಿ ತಮ್ಮ ಹೊಡೀತಾನ." ಯಾವ ಸೀಟಿನಲ್ಲಿ ಕೂತರೆ ನಿಮ್ಮ ಕಾಲು ನಡುಗುತ್ತದೋ ಅದೇ ಸೀಟಿನಲ್ಲಿ ಇವತ್ತು ನಿಮ್ಮ ತಮ್ಮ ಕೂತಿದ್ದಾನೆ. ಇಳಿಜಾರಿನಲ್ಲಿ ಗೇರ್ ಇಳಿಸಿ ಹೊಲಕ್ಕೆ ಹೊಗಿಸುವ ಬುದ್ಧಿ ನಿಮಗೆ ಆ ಗಳಿಗೆಯಲ್ಲಿ ಹೊಳೆಯಿತು. ಅವನಿಗೂ ಹೊಳೆಯುತ್ತದೆಂದು ಯಾರು ಹೇಳಬೇಕು? ಪಕ್ಕದಲ್ಲಿ ಹೊಲವೇ ಇರುತ್ತದೆಂದು ಯಾರು ಹೇಳಬೇಕು?

ಬಯ್ಯಲಿಕ್ಕೆ ಬರೆಯುತ್ತಿಲ್ಲ. ಕಂತಿನ ತಾರೀಖು ಹತ್ತಿರ ಬಂದಾಗ ಮನುಷ್ಯ ಯಾವ ಯಾವ ಲೆಕ್ಕ ಹಾಕುತ್ತಾನೆಂಬುದನ್ನು ನನಗೆ ಬರುವ ಕಾಗದಗಳಲ್ಲಿ ದಿನವೂ ನೋಡುತ್ತೇನೆ. ಆದರೂ ಇವತ್ತು ರಾತ್ರಿ ಅವನು ಮನೆಗೆ ಬಂದ ಕೂಡಲೇ ಚಾವಿ ಇಸಿದುಕೊಳ್ಳಿ. ಗಾಡಿ ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಏನು ಹೇಳುತ್ತದೆ ಗೊತ್ತೇ? ದೋಷವಿದೆಯೆಂದು ತಿಳಿದೂ, ಅಥವಾ ಸಾಧಾರಣ ಎಚ್ಚರದಿಂದ ನೋಡಿದ್ದರೆ ತಿಳಿಯಬಹುದಾಗಿದ್ದೂ, ಅಪಾಯದ ಗಾಡಿಯನ್ನು ರಸ್ತೆಗಿಳಿಸಿದರೆ ಹೊಡೆದವನಷ್ಟೇ ಅಲ್ಲ, ಹೊಡೆಯಲು ಬಿಟ್ಟವನೂ ತಪ್ಪಿತಸ್ಥ. ಮೊದಲ ಸಲ ನಿಮ್ಮದು ಅಕಸ್ಮಾತ್. ರಾಜೇಶ್ವರದಲ್ಲಿ ಎರಡನೇ ಸಲ ಪೆಡಲ್ ಮೆತ್ತಗಾದ ಮೇಲೆ ಅದನ್ನು ಅಕಸ್ಮಾತ್ ಅನ್ನಲು ಬರುವುದಿಲ್ಲ. ನಿಮಗೆ ಗೊತ್ತಿದೆ, ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ಬರೆದೂ ಇದೆ.

ನಮ್ಮ ರಸ್ತೆಗಳಲ್ಲಿ ಎದುರಿಗೆ ಬರುವವರು ಯಾರು ಎಂಬುದನ್ನೂ ನೆನೆಯಿರಿ. 2022ರ ನವೆಂಬರಿನಲ್ಲಿ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡದ ಹತ್ತಿರ ಆಟೊ ಮತ್ತು ಲಾರಿ ಡಿಕ್ಕಿಯಾಗಿ ಏಳು ಮಂದಿ ಕೂಲಿ ಹೆಣ್ಣುಮಕ್ಕಳು ಸತ್ತರು. ಆ ಅಪಘಾತದ ಕಾರಣವನ್ನು ನಾನಿಲ್ಲಿ ಎತ್ತುತ್ತಿಲ್ಲ. ಒಂದು ಆಟೊದಲ್ಲಿ ಎಷ್ಟು ಮನೆಗಳ ದೀಪ ಹೋಗುತ್ತಿರುತ್ತದೆ ಅಷ್ಟೇ ನೋಡಿ. ನಿಮ್ಮ ಮುಂದೆಯೂ ಅವತ್ತು ಇದ್ದದ್ದು ಆಟೊವೇ.

ಹಾಗಾಗಿ ಕಾಲು ನಡುಗುವುದನ್ನು ಪುಕ್ಕಲುತನ ಎಂದುಕೊಳ್ಳಬೇಡಿ. ಸರ್ವಿಸ್ ಸೆಂಟರಿನವರು ಮೂರು ಸಲವೂ ಹೇಳದ ಸತ್ಯವನ್ನು ನಿಮ್ಮ ಕಾಲು ಹೇಳುತ್ತಿದೆ: ರೋಗ ಇನ್ನೂ ಗಾಡಿಯಲ್ಲೇ ಇದೆ.

ಈಗ ಆ ರೋಗದ ಮಾತು. ಈ ಕಾಗದ ಹಿಡಿದು ನಾನು ಇಬ್ಬರು ಹಳೆಯ ಮೆಕ್ಯಾನಿಕರ ಹತ್ತಿರ ಕೂತು ಕೇಳಿದೆ. ಇಬ್ಬರೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಪೆಡಲ್ ಮೆತ್ತಗಾಗಿ ತಳಕ್ಕೆ ಹೋಯಿತೋ, ಕಲ್ಲಿನ ಹಾಗೆ ಗಟ್ಟಿಯಾಯಿತೋ? ಪಿಕಪ್ಪಿನ ಬ್ರೇಕಿಗೆ ನಿಮ್ಮ ಕಾಲಿನ ಬಲ ಸಾಲದೆಂದು ಬೂಸ್ಟರ್ ಇರುತ್ತದೆ. ಇಂಜಿನ್ ಜೊತೆ ತಿರುಗುವ ವ್ಯಾಕ್ಯೂಮ್ ಪಂಪು ಅದಕ್ಕೆ ಶಕ್ತಿ ಕೊಡುತ್ತದೆ. ಅದು ಕೆಟ್ಟರೆ ಪೆಡಲ್ ಗಟ್ಟಿಯಾಗಿ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವವರಿಗೆ ಆಗುವುದೂ ಇದೇ. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬೂಸ್ಟರಿನ ಬಲ ಮುಗಿದಿರುತ್ತದೆ. ನಿಮ್ಮದು ಎರಡೂ ಸಲ ಮೆತ್ತಗಾಗಿದೆ. ಅಂದ ಮೇಲೆ ಬೂಸ್ಟರ್ ಹೋಗಿದೆ ಎಂಬ ಮಾತು ನಿಮ್ಮ ಗಾಡಿಯ ಲಕ್ಷಣಕ್ಕೆ ಹೊಂದುವುದಿಲ್ಲ. ಆ ಹೆಸರಿನಲ್ಲಿ ಇನ್ನೊಂದಿಷ್ಟು ಸಾವಿರ ಸುರಿಯುವ ಮುಂಚೆ ಮಿಸ್ತ್ರಿಗೆ ಇದನ್ನೇ ಕೇಳಿ ನೋಡಿ.

ಅರ್ಧ ತಾಸಿನಲ್ಲಿ ಬ್ರೇಕ್ ತಾನೇ ಸರಿಹೋದದ್ದು ದೊಡ್ಡ ಸುಳಿವು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುವ ಗುಣದ್ದು. ಡಾಟ್ 3 ಎಂಬ ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಎಂಬುದು ಅಳತೆ. ನೀರು ಹೀರಿದ ಮೇಲೆ ಆ ಅಳತೆ 140ಕ್ಕೆ ಇಳಿಯುತ್ತದೆ. ಹೇರು ಹೊತ್ತು ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಕೂರುತ್ತದೆ. ನೀವು ತುಳಿದ ಬಲವೆಲ್ಲ ಆ ಗುಳ್ಳೆಯನ್ನು ಹಿಚುಕುವುದರಲ್ಲೇ ಮುಗಿಯುತ್ತದೆ, ಪೆಡಲ್ ತಳ ಕಾಣುತ್ತದೆ. ಗಾಡಿ ತಣ್ಣಗಾದರೆ ಗುಳ್ಳೆ ಕರಗುತ್ತದೆ, ಎಲ್ಲ ಮೊದಲಿನಂತೆ. ಸರ್ವಿಸ್ ಸೆಂಟರಿನ ನೆರಳಿನಲ್ಲಿ ಖಾಲಿ ಗಾಡಿ ನೋಡಿದವರಿಗೆ ಏನೂ ಫಾಲ್ಟ್ ಕಾಣದಿದ್ದುದು ಹೀಗೂ ಇರಬಹುದು. ಆದರೆ ಅವರು ನಿಮ್ಮನ್ನು ಕೂರಿಸಿಕೊಂಡು ಪೂರ್ತಿ ಕಥೆ ಕೇಳಬೇಕಿತ್ತು. ಕೇಳಲಿಲ್ಲ. ಇದು ನನಗೆ ಸಿಟ್ಟು ತರಿಸುತ್ತದೆ.

ಹಾಗಾದರೆ ಆಯಿಲ್ ಬದಲಾದ ಮೇಲೂ ಮತ್ತೆ ಮೆತ್ತಗಾದದ್ದೇಕೆ? ಮೆಕ್ಯಾನಿಕರಲ್ಲಿ ಹಿರಿಯರು ಕೇಳಿದ್ದು: "ಯಾವುದಾದರೂ ಗಾಲಿ ಹಿಡಿದುಕೊಂಡೇ ತಿರುಗುತ್ತಿದೆಯೇ?" ಮುಂದಿನ ಡಿಸ್ಕಿನ ಪಿಸ್ಟನ್ ಸಿಕ್ಕಿಬಿದ್ದಿದ್ದರೆ, ಹಿಂದಿನ ಡ್ರಮ್ಮಿನಲ್ಲಿ ಹ್ಯಾಂಡ್‌ಬ್ರೇಕ್ ಪೂರ್ತಿ ಬಿಡದಿದ್ದರೆ, ನೀವು ಬ್ರೇಕ್ ಮುಟ್ಟದಿದ್ದರೂ ಆ ಗಾಲಿ ಸುಡುತ್ತಲೇ ಇರುತ್ತದೆ, ಎಷ್ಟು ಹೊಸ ಆಯಿಲ್ ಹಾಕಿದರೂ ಕುದಿಸುತ್ತದೆ. ಆಗ ಆಯಿಲ್ ಬದಲಿಸುವುದು ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟಂತೆ. ನೋಡುವ ಬಗೆ ಸರಳ. ಖಾಲಿ ಗಾಡಿಯನ್ನು ಮೆಕ್ಯಾನಿಕರೇ ನಿಧಾನ ವೇಗದಲ್ಲಿ, ಸಮತಟ್ಟಾದ ಜಾಗದಲ್ಲಿ ಓಡಿಸಿ, ನಿಂತ ಮೇಲೆ ನಾಲ್ಕೂ ಗಾಲಿಯ ಹತ್ತಿರ ಕೈ ಹಿಡಿಯಲಿ. ಒಂದೇ ಗಾಲಿ ಕೈ ಹಿಡಿಯದಷ್ಟು ಕಾದಿದ್ದರೆ ಕಳ್ಳ ಸಿಕ್ಕ. ಇನ್ನೊಂದು ಪರೀಕ್ಷೆ: ಇಂಜಿನ್ ಚಾಲೂ ಇಟ್ಟು, ನಿಂತಲ್ಲೇ ಪೆಡಲನ್ನು ಒಂದು ನಿಮಿಷ ಒಂದೇ ಸಮ ಒತ್ತಿ ಹಿಡಿಯುವುದು. ಹೊರಗೆ ಎಲ್ಲೂ ಆಯಿಲ್ ಸೋರದೆ ಪೆಡಲ್ ಮೆಲ್ಲಗೆ ಇಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಒತ್ತಡ ಬಿಡುತ್ತಿದೆ. ಹೊಸ ಸಿಲಿಂಡರಿಗೂ ಆ ರೋಗ ಬರಬಾರದೆಂದಿಲ್ಲ. ದಾರಿಯಲ್ಲಿ ಯಾರಾದರೂ ಬ್ರೇಕ್ ಆಯಿಲ್ ಡಬ್ಬಿಗೆ ಇಂಜಿನ್ ಆಯಿಲೋ ಸ್ಟೇರಿಂಗ್ ಆಯಿಲೋ ಸುರಿದಿದ್ದರೆ ಒಳಗಿನ ರಬ್ಬರೆಲ್ಲ ಉಬ್ಬಿ ಕೆಟ್ಟಿರುತ್ತದೆ. ಹಾಗೇನಾದರೂ ಆಗಿದ್ದರೆ ಮುಚ್ಚಿಡದೆ ಹೇಳಿ.

ನಿಮ್ಮ ಕಾಗದದಲ್ಲಿ ಇಲ್ಲದ ಒಂದು ಮಾತೂ ಇದೆ. ಅವತ್ತು ಶುಂಠಿ ಎಷ್ಟು ಹೇರಿದ್ದಿರಿ? ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ, ಒಟ್ಟು ತೂಕ ಎರಡೂ ಅಚ್ಚಾಗಿವೆ. ಕಳೆದರೆ ಬರುವುದೇ ನಿಮ್ಮ ಮಿತಿ. ಕಾಟಾ ಚೀಟಿ ಇದ್ದರೆ ತೆಗೆದಿಡಿ. ತೂಕ ಮಿತಿಯೊಳಗಿದ್ದರೆ ಓವರ್‌ಲೋಡ್ ಎಂಬ ಅವರ ನೆಪ ಆ ಒಂದೇ ಚೀಟಿಯಿಂದ ಬಿದ್ದುಹೋಗುತ್ತದೆ. ಮೀರಿದ್ದರೆ, ಕೇಸ್ ಹಾಕುವಾಗ ನಿಮ್ಮ ವಕೀಲರಿಗೆ ಮೊದಲೇ ಹೇಳಿಬಿಡಿ, ಇನ್ನು ಮೇಲೆ ಆ ಬಾಡಿಗೆ ಬಿಡಿ. ಮಿತಿ ಮೀರಿದ ಹೇರಿಗೆ ಸಿಗುವ ಹೆಚ್ಚಿನ ಬಾಡಿಗೆ ಬ್ರೇಕಿನ ಲೆಕ್ಕದಿಂದಲೇ ಬರುವ ದುಡ್ಡು.

ನನ್ನ ಸಲಹೆಯಲ್ಲಿ ಮುಖ್ಯವಾದದ್ದು ಇದು: ಕಾರಣವನ್ನು ಬರೆಸಿಕೊಳ್ಳಿ. "ಬ್ರೇಕ್ ಸರಿ ಮಾಡಿದೆ" ಎಂಬುದು ಕಾರಣವಲ್ಲ. ಯಾವ ಭಾಗ, ಏನಾಗಿತ್ತು, ಹೇಗೆ ಗೊತ್ತಾಯಿತು ಎಂಬುದು ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಇರಬೇಕು. ಮೂರೂ ಸಲದ ಜಾಬ್ ಕಾರ್ಡಿನ ಪ್ರತಿ ಕೇಳಿ. ಬಿಚ್ಚಿದ ಹಳೆಯ ಮಾಸ್ಟರ್ ಸಿಲಿಂಡರ್ ಎಲ್ಲಿದೆ ಎಂದು ಬರಹದಲ್ಲಿ ಕೇಳಿ. ಬಿಲ್ಲಿಗೆ ದುಡ್ಡು ಕೊಟ್ಟವರು ನೀವು, ಹಳೆಯದನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಬಾಯಿಮಾತಿನ ದೂರು ಕೌಂಟರಿನಲ್ಲೇ ಕರಗಿಹೋಗುತ್ತದೆ. ಒಂದು ಪುಟದ ಕಾಗದ ಬರೆದು, ಎರಡೂ ಘಟನೆಯ ತಾರೀಖು, ಜಾಗ, ಮೀಟರಿನ ಕಿಲೋಮೀಟರ್ ಹಾಕಿ, ಮಾರಿದವರಿಗೂ ತಯಾರಿಸಿದ ಕಂಪನಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಹೊರಗಿನ ಒಬ್ಬ ಅರ್ಹರಿಂದಲೂ ಬರಹದ ವರದಿ ಬೇಕಾದೀತು. ಬಸವಕಲ್ಯಾಣದಲ್ಲೇ ಇಂಜಿನಿಯರಿಂಗ್ ಕಾಲೇಜಿದೆ, ವಿಮೆಯ ಲೈಸೆನ್ಸ್ ಪಡೆದ ಸರ್ವೇಯರುಗಳಿದ್ದಾರೆ; ವಿಚಾರಿಸಿ. ಅಲ್ಲಿಯವರೆಗೆ ಯಾರೂ ಇನ್ನೊಂದು ಭಾಗ ಬಿಚ್ಚುವುದು ಬೇಡ. ಹೊರಗಿನವರು ಕೈ ಹಾಕಿದ್ದಾರೆ ಎಂಬ ಇನ್ನೊಂದು ನೆಪ ಕಂಪನಿಯವರಿಗೆ ಸಿಗಬಾರದು.

ನಮ್ಮಂಥೋರ ಮಾತು ನಡೀತದೇನ್ರಿ ಎಂದು ಕೇಳಿದ್ದೀರಿ. ನಡೆಯುತ್ತದೆ, ಮತ್ತು ಅದಕ್ಕೆ ಆಧಾರ ನಿಮ್ಮ ಕಾಗದದಲ್ಲೇ ಇದೆ: "ನಾನೇ ಹೊಡೀತೀನಿ." ವ್ಯಾಪಾರಕ್ಕೆಂದು ಕೊಂಡ ವಸ್ತುವಿಗೆ ಗ್ರಾಹಕ ಕಾಯ್ದೆ ಅನ್ವಯಿಸದು ಎಂದು ಎದುರಿನವರು ಖಂಡಿತ ವಾದ ಹೂಡುತ್ತಾರೆ. ಅದಕ್ಕೆ ಉತ್ತರವನ್ನು ಸುಪ್ರೀಂ ಕೋರ್ಟು 1995ರಲ್ಲೇ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಕೊಟ್ಟಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಟ್ರಕ್ಕು ಕೊಂಡು ತಾನೇ ಓಡಿಸುವವನು ಗ್ರಾಹಕನೇ. ಮನೆಯವರು ಕೈಜೋಡಿಸಿದರೂ ಆ ಹಕ್ಕು ಹೋಗುವುದಿಲ್ಲ. ಪೂರ್ತಿ ಬೇರೆಯವರ ಕೈಯಲ್ಲೇ ಓಡಿಸುವವನಿಗೆ ಆ ರಕ್ಷಣೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಇದೇ ತತ್ವವಿದೆ. ಬೀದರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ಗಾಡಿಗೆ ಕೊಟ್ಟ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ. ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಬೇಕಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ವಕೀಲರ ಖರ್ಚಿನ ಚಿಂತೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. 15100ಕ್ಕೂ ಕರೆ ಮಾಡಬಹುದು.

ಇನ್ನೊಂದು ದಾರಿ ಬಹಳ ಮಂದಿಗೆ ಗೊತ್ತಿಲ್ಲ. ಒಂದೇ ಮಾದರಿಯ ಗಾಡಿಗಳಲ್ಲಿ ಒಂದೇ ದೋಷ ಕಂಡರೆ ಎಲ್ಲವನ್ನೂ ವಾಪಸು ಕರೆಸಿ ಸರಿಪಡಿಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಲ್ಲಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಏಳು ವರ್ಷದೊಳಗಿನ ಗಾಡಿಗಳಿಗೆ. ಸರ್ಕಾರದ ವಾಹನ್ ಜಾಲತಾಣದಲ್ಲಿ ಮಾಲೀಕರೇ ದೂರು ಹಾಕಬಹುದು. ಸ್ಟ್ಯಾಂಡಿನಲ್ಲಿ ಅದೇ ಗಾಡಿಯ ಮಾಲೀಕರು ಸಿಕ್ಕರೆ ನಿಮಗೂ ಹೀಗಾಗಿದೆಯೇ ಎಂದು ಕೇಳಿ. ಆಗಿದ್ದರೆ ಅವರಿಗೂ ದೂರು ಹಾಕಲು ಹೇಳಿ.

ಇನ್ಶೂರೆನ್ಸ್ ಈ ರಿಪೇರಿಗೆ ಬರುವುದಿಲ್ಲ. ಯಂತ್ರ ಕೆಡುವುದು, ಸವೆಯುವುದು ಪಾಲಿಸಿಯ ಹೊರಗಿನದು. ಫೈನಾನ್ಸಿನವರಿಗೆ ಕಂತು ತಪ್ಪುವ ಮುಂಚೆಯೇ ಜಾಬ್ ಕಾರ್ಡಿನ ಪ್ರತಿ ಹಚ್ಚಿ, ಕಂತು ಮುಂದೂಡಲು ಬರಹದಲ್ಲಿ ಕೇಳಿ. 2024ರ ಏಪ್ರಿಲ್‌ನಿಂದ ಅವರು ತಪ್ಪಿದ ಕಂತಿನ ಮೇಲೆ ದಂಡದ ಬಡ್ಡಿ ಹಾಕಿ ಅದಕ್ಕೆ ಚಕ್ರಬಡ್ಡಿ ಏರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ಹೇಳಿದೆ.

ಅಪ್ಪನ ಮಾತು. ಮಗ ಸಾಲದಲ್ಲಿ ಮುಳುಗುತ್ತಾನೆಂಬ ಸಂಕಟದಲ್ಲಿ ಅವರು ಹಾಗೆ ಹೇಳಿದ್ದಾರೆ, ಅವರ ಮೇಲೆ ಸಿಟ್ಟಾಗಬೇಡಿ. ಆದರೆ ಮಾಡಬೇಡಿ. ಗೊತ್ತಿರುವ ದೋಷ ಮುಚ್ಚಿಟ್ಟು ಮಾರುವುದು ಕಾನೂನಿನ ಕಣ್ಣಲ್ಲಿ ವಂಚನೆ. ಕಾನೂನು ಹೋಗಲಿ, ಆ ಗಾಡಿ ಕೊಳ್ಳುವವನೂ ಕಂತಿನ ಮೇಲೆ ಕೊಳ್ಳುವ, ತಾನೇ ಹೊಡೆಯುವ ಒಬ್ಬ ಹುಡುಗನೇ ಆಗಿರುತ್ತಾನೆ, ಅವನ ಮುಂದೆಯೂ ಆಟೊ ಇರುತ್ತದೆ. ಮಾರಲೇಬೇಕಾದರೆ ಕಾರಣ ಕಂಡುಹಿಡಿದು, ಸರಿಪಡಿಸಿ, ಆ ಕಾಗದ ಕೈಗಿಟ್ಟು ಮಾರಿ.

ನಿದ್ದೆ ಬಾರದಿರುವುದಕ್ಕೆ ಒಂದು ಮಾತು ಉಳಿದಿದೆ. ಮೂರು ತಿಂಗಳು ಸಣ್ಣ ಸಮಯವಲ್ಲ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ. ಗಾಡಿ ಸರಿಯಾದ ಮೇಲೆ ಮೊದಲ ದಿನವೇ ಹೇರು ತುಂಬಬೇಡಿ. ಪಕ್ಕದಲ್ಲಿ ತಮ್ಮನನ್ನು ಕೂರಿಸಿಕೊಂಡು, ಬಯಲಿನಲ್ಲಿ, ಖಾಲಿ ಗಾಡಿಯನ್ನು ಹತ್ತಿಪ್ಪತ್ತು ಸಲ ಓಡಿಸಿ ನಿಲ್ಲಿಸಿ ನೋಡಿ. ಬ್ರೇಕ್ ಹಿಡಿಯಿತೆಂದು ಕಾಲಿಗೆ ಖಾತ್ರಿಯಾಗಲು ಅಷ್ಟು ಹೊತ್ತು ಬೇಕು.

ಜಾಬ್ ಕಾರ್ಡುಗಳ ಪ್ರತಿ ಕೈಗೆ ಬಂದ ದಿನ ನನಗೆ ಇನ್ನೊಂದು ಕಾಗದ ಹಾಕಿ. ಕಂಪನಿಗೆ ಕಳಿಸುವ ಪತ್ರದ ಕರಡನ್ನು ನಾನೂ ಒಬ್ಬ ವಕೀಲರೂ ಕೂತು ನೋಡಿಕೊಡುತ್ತೇವೆ. ಚಾವಿ ಇಸಿದುಕೊಂಡಿರೋ ಇಲ್ಲವೋ ಎಂಬುದನ್ನು ಮಾತ್ರ ಅದಕ್ಕೂ ಮುಂಚೆ ಒಂದು ಸಾಲು ಬರೆದು ತಿಳಿಸಿ.